ಸಾಕುಮೊಲದ ದಂತವ್ಯಾಧಿ: ಒಂದು ಚಾರಿತ್ರಿಕ ವಿವೇಚನೆ

ಚರಿತ್ರೆಯ ವಿದ್ಯಾರ್ಥಿಗೂ ಮೊಲದ ಹಲ್ಲಿಗೂ ಏನು ಸಂಬಂಧವೆಂದು ಕೆಲವರು ಶಂಕಿಸಬಹುದು. ಮನುಷ್ಯನು ಪಳಗಿಸಿದ ಪ್ರಾಣಿಯ ದೇಹವು ಅವನ ಆಹಾರ, ವಸತಿ, ಅಭಿರುಚಿಗಳ ದಾಖಲೆಯೂ ಹೌದು. ಶಾಸನವನ್ನು ಓದುವಷ್ಟೇ ಎಚ್ಚರದಿಂದ ಅದನ್ನು ಓದಬೇಕಾಗುತ್ತದೆ. ಸಾಕುಮೊಲಗಳಲ್ಲಿ ಇಂದು ಬಹುವಾಗಿ ಕಂಡುಬರುವ ದಂತವ್ಯಾಧಿಯು ಬಹುಮಟ್ಟಿಗೆ ಅವುಗಳ ಗೂಡು ಮೇವುಗಳಲ್ಲಾದ ಮಾರ್ಪಾಟಿನ ಫಲವೆಂಬುದನ್ನೂ, ಅದರ ಮೂಲವು ಬಹುಕಾಲ ಮರೆಯಲ್ಲಿ ಉಳಿದುದು ಏಕೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಪ್ರಾಣಿಯ ಕುಲವನ್ನು ನಿರ್ಣಯಿಸಿಕೊಳ್ಳಬೇಕು. ಕನ್ನಡದಲ್ಲಿ ಮೊಲವೆಂಬ ಒಂದೇ ಮಾತು ಎರಡು ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ನಮ್ಮ ಹೊಲಗಳಲ್ಲಿ, ಕುರುಚಲು ಕಾಡುಗಳಲ್ಲಿ ಓಡಾಡುವುದು ಕಾಡುಮೊಲ. ಮನೆಗಳಲ್ಲಿ ಸಾಕುವ ಮೊಲವು ಅದರ ಸಂತತಿಯಲ್ಲ. ಅದು ಸ್ಪೇನ್ ಮತ್ತು ದಕ್ಷಿಣ ಫ್ರಾನ್ಸಿನ ಹುಲ್ಲುಗಾವಲುಗಳಲ್ಲಿ ಬಿಲ ತೋಡಿ ಬಾಳಿದ ಪ್ರಾಣಿಯ ವಂಶಕ್ಕೆ ಸೇರಿದುದು. ಕ್ರಿ.ಪೂ. ೩೭ರ ಸುಮಾರಿನಲ್ಲಿ ವ್ಯವಸಾಯವನ್ನು ಕುರಿತು ಬರೆದ ರೋಮಿನ ವಾರೋ, ಸ್ಪೇನಿನ ಈ ಮೊಲವನ್ನು ಆವರಣಗಳಲ್ಲಿ ಇರಿಸುವ ವಿಷಯವನ್ನು ಹೇಳಿದ್ದಾನೆ. ಕ್ರಿ.ಶ. ೬೦೦ರ ಸುಮಾರಿನಲ್ಲಿ ಪೋಪ್ ಗ್ರೆಗೊರಿಯು ಎಳೆಮೊಲವು ಮಾಂಸವಲ್ಲವೆಂದು ಆಜ್ಞಾಪಿಸಿದನೆಂದೂ, ಆ ಕಾರಣ ಉಪವಾಸದ ದಿನಗಳಿಗಾಗಿ ಫ್ರಾನ್ಸಿನ ಸಂನ್ಯಾಸಿಗಳು ಮೊಲವನ್ನು ಪಳಗಿಸಿದರೆಂದೂ ಅನೇಕ ಗ್ರಂಥಗಳು ಹೇಳುತ್ತ ಬಂದುವು. ೨೦೧೮ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಮೂಲವನ್ನು ಅರಸಿ ಹೋದಾಗ ಅಂತಹ ಆಜ್ಞೆಯೇ ದೊರೆಯಲಿಲ್ಲ. ದೊರೆತುದು ಟೂರ್ ನಗರದ ಬಿಷಪ್ಪನಾದ ಬೇರೊಬ್ಬ ಗ್ರೆಗೊರಿಯ ಬರಹ. ಅದರಲ್ಲಿದ್ದುದು ವ್ರತದ ಕಾಲದಲ್ಲಿ ಎಳೆಮೊಲಗಳನ್ನು ತಿಂದ ಒಬ್ಬನ ಪ್ರಸ್ತಾಪ ಮಾತ್ರ. ಎದುರಿಗಿದ್ದ ಹೆಸರನ್ನು ನಂಬಿ ಹಿಂದಿನ ಆಧಾರವನ್ನು ನೋಡದೆ ಹೋದುದರಿಂದ ಆದ ತಪ್ಪಿದು. ಇದೇ ಬಗೆಯ ತಪ್ಪು ಮೊಲದ ಹಲ್ಲಿನ ವಿಷಯದಲ್ಲಿಯೂ ನಡೆದುದನ್ನು ಮುಂದೆ ಕಾಣುತ್ತೇವೆ.

ಮೊಲದ ಹಲ್ಲುಗಳ ರಚನೆಯು ವಿಶಿಷ್ಟವಾದುದು. ಒಟ್ಟು ೨೮ ಹಲ್ಲುಗಳು, ಕೋರೆಹಲ್ಲುಗಳಿಲ್ಲ. ಮೇಲಿನ ಎರಡು ದೊಡ್ಡ ಬಾಚಿಹಲ್ಲುಗಳ ಹಿಂದೆ ಗೂಟದಂತಹ ಎರಡು ಚಿಕ್ಕ ಹಲ್ಲುಗಳು ಅಡಗಿರುತ್ತವೆ. ಲಿನೇಯಸನು ೧೭೫೮ರಲ್ಲಿ ಮೊಲವನ್ನು ಇಲಿ ಅಳಿಲುಗಳ ಜೊತೆಯಲ್ಲಿಯೇ ಇರಿಸಿದ್ದನು. ಈ ಜೋಡಿಹಲ್ಲಿನ ಲಕ್ಷಣವನ್ನು ಹಿಡಿದು ಇಲ್ಲಿಗರನು ೧೮೧೧ರಲ್ಲಿ ಮೊಲಗಳನ್ನು ವಿಂಗಡಿಸಿದನು. ೧೯೧೨ರಲ್ಲಿ ಗಿಡ್ಲಿಯು ಅವುಗಳದು ಸ್ವತಂತ್ರ ಗಣವೆಂದು ವಾದಿಸಿದನು. ಈ ಪಂಡಿತರ ಗಮನವು ಮುಖ್ಯವಾಗಿ ವರ್ಗೀಕರಣದ ಮೇಲೆ ಇದ್ದಿತು. ಮೊಲವನ್ನು ಸಾಕುವವನಿಗೆ ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬಾಚಿಹಲ್ಲುಗಳಷ್ಟೇ ಅಲ್ಲದೆ ದವಡೆಹಲ್ಲುಗಳೂ ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ ಎಂಬುದು. ಬಾಚಿಹಲ್ಲು ವಾರಕ್ಕೆ ಸುಮಾರು ೨ ಮಿಲಿಮೀಟರು ಬೆಳೆಯುತ್ತದೆ. ಹುಲ್ಲನ್ನು ದವಡೆಯ ಅಡ್ಡಚಲನೆಯಿಂದ ಗಂಟೆಗಟ್ಟಲೆ ಅರೆಯುವಾಗ ಬೆಳೆದಷ್ಟೂ ಸವೆಯುತ್ತದೆ. ಈ ಸಮತೋಲವಿರುವವರೆಗೆ ಬಾಧೆಯಿಲ್ಲ.

ಹಿಂದಿನ ಶತಮಾನಗಳಲ್ಲಿ ಈ ಸಮತೋಲವು ಅಷ್ಟಾಗಿ ಕೆಡಲು ಆಸ್ಪದವಿರಲಿಲ್ಲ. ೧೨ನೆಯ ಶತಮಾನದಿಂದ ಇಂಗ್ಲೆಂಡಿನ ಒಡೆಯರು ಮಾಂಸಕ್ಕೂ ತುಪ್ಪಳಕ್ಕೂ ಮೊಲಗಳನ್ನು ಮೀಸಲು ನೆಲಗಳಲ್ಲಿ ಬಿಟ್ಟು ಬೆಳೆಸಿದರು. ಅವು ಹುಲ್ಲನ್ನೇ ಮೇಯುತ್ತಿದ್ದುವು. ಮಾಂಸಕ್ಕಾಗಿ ಗೂಡಿನಲ್ಲಿ ಬೆಳೆಸಿದವು ಎಳೆಯ ವಯಸ್ಸಿನಲ್ಲಿಯೇ ಕೊಲ್ಲಲ್ಪಡುತ್ತಿದ್ದುವಾದುದರಿಂದ ನಿಧಾನವಾಗಿ ಬಲಿಯುವ ವ್ಯಾಧಿಯು ಹೊರಬೀಳಲು ಅವಕಾಶವೇ ಇರಲಿಲ್ಲ. ೧೯ನೆಯ ಶತಮಾನದಲ್ಲಿ ಮೊಲವು ಮುದ್ದಿನ ಪ್ರಾಣಿಯಾಗಿ ಮನೆಯನ್ನು ಸೇರಿತು. ೧೯೦೨ರಲ್ಲಿ ಪೀಟರ್ ಮೊಲದ ಕಥೆಯನ್ನು ಪ್ರಕಟಿಸಿದ ಬೀಟ್ರಿಕ್ಸ್ ಪಾಟರ್ ಸಾಕಿದ್ದ ಒಂದು ಮೊಲಕ್ಕೆ ಬೆಣ್ಣೆ ಸವರಿದ ಬಿಸಿ ರೊಟ್ಟಿಯೆಂದರೆ ಬಲು ಪ್ರೀತಿ. ಅಕ್ಕರೆಯು ಮೇವನ್ನು ಬದಲಾಯಿಸಿದ ಬಗೆಗೆ ಇದೊಂದು ನಿದರ್ಶನ. ಮುಂದೆ ಅಂಗಡಿಗಳಲ್ಲಿ ಕಾಳು, ಚಕ್ಕೆ, ಒಣಗಿದ ತರಕಾರಿಗಳ ಮಿಶ್ರಣವು ಮೊಲದ ಆಹಾರವೆಂದೇ ಮಾರಾಟವಾಯಿತು. ಮೊಲವು ರುಚಿಯಾದುದನ್ನು ಆರಿಸಿ ತಿಂದು ಉಳಿದುದನ್ನು ಬಿಡುತ್ತದೆ. ಜೊತೆಗೆ, ಚಿಕ್ಕ ದೇಹ ಗುಂಡುಮುಖಗಳ ಮೋಹದಿಂದ ಬೆಳೆಸಿದ ಕುಳ್ಳ ತಳಿಗಳಲ್ಲಿ ಮೇಲ್ದವಡೆಯು ಮೊಟಕಾಗಿ ಬಾಚಿಹಲ್ಲುಗಳು ಒಂದಕ್ಕೊಂದು ಕೂಡದೆ ಹೋಗುವುದುಂಟು.

ಬಾಚಿಹಲ್ಲು ಬಾಯಿಂದ ಹೊರಚಾಚಿದಾಗ ಬಹುಕಾಲ ನಡೆದುಬಂದ ಉಪಾಯವೆಂದರೆ ಅದನ್ನು ಇಕ್ಕಳದಿಂದ ಕತ್ತರಿಸಿಬಿಡುವುದು. ಕೆಲವು ವಾರಗಳಲ್ಲಿ ಹಲ್ಲು ಮತ್ತೆ ಬೆಳೆಯುತ್ತಿತ್ತು, ಮತ್ತೆ ಕತ್ತರಿಸುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯಂತೆ ರೂಢಿಯೇ ಪ್ರಮಾಣವಾಯಿತು. ಕತ್ತರಿಸುವಾಗ ಹಲ್ಲು ಉದ್ದಕ್ಕೆ ಸೀಳಿ ಒಳಗಿನ ಜೀವಭಾಗವು ತೆರೆದುಕೊಳ್ಳುವುದು ಒಂದು ಕೇಡು. ಇನ್ನೂ ದೊಡ್ಡ ಕೇಡೆಂದರೆ, ಕಣ್ಣಿಗೆ ಕಾಣುವ ಮುಂದಿನ ಹಲ್ಲಿನ ಮೇಲೆಯೇ ದೃಷ್ಟಿ ನಿಂತುಹೋದುದು. ಬಾಚಿಹಲ್ಲಿನ ವಿಕಾರವು ಎಷ್ಟೋ ವೇಳೆ ಕೆನ್ನೆಯ ಮರೆಯಲ್ಲಿ ಬೆಳೆದುಹೋದ ದವಡೆಹಲ್ಲುಗಳ ಪರಿಣಾಮವಾಗಿರುತ್ತದೆ.

ಕಾರಣದ ವಿಚಾರವು ಹಂತಹಂತವಾಗಿ ತಿಳಿಯಾಯಿತು. ಕೆಳದವಡೆ ಮುಂಚಾಚುವ ದೋಷವು ಆನುವಂಶಿಕವೆಂಬುದನ್ನು ಫಾಕ್ಸ್ ಮತ್ತು ಕ್ರೇರಿ ಎಂಬವರು ೧೯೭೧ರಲ್ಲಿ ತೋರಿಸಿದರು. ಇಂಗ್ಲೆಂಡಿನ ಪಶುವೈದ್ಯೆ ಫ್ರಾನ್ಸಿಸ್ ಹಾರ್ಕೋರ್ಟ್-ಬ್ರೌನ್ ೧೯೯೦ರ ದಶಕದಲ್ಲಿ ಸುಣ್ಣಾಂಶದ ಕೊರತೆಯಿಂದ ದವಡೆಯ ಎಲುಬು ಸಡಿಲಗೊಳ್ಳುವುದೂ ಒಂದು ಕಾರಣವೆಂದು ಪ್ರತಿಪಾದಿಸಿದರು. ಸವೆತದ ಅಭಾವವೇ ಪ್ರಧಾನವೆಂಬುದು ಬೇರೆ ಕೆಲವರ ಪಕ್ಷ. ೨೦೧೫ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಣಹುಲ್ಲಿಲ್ಲದೆ ಮಿಶ್ರಣವನ್ನೇ ತಿಂದ ಮೊಲಗಳಲ್ಲಿ ಹಲ್ಲಿನ ವಿಕಾರಗಳು ತೋರಿಬಂದುವು. ಈ ಕಾರಣಗಳು ಪರಸ್ಪರ ವಿರುದ್ಧವೆಂದು ಭಾವಿಸಬೇಕಾಗಿಲ್ಲ. ತಳಿಯೂ ಮೇವೂ ಎರಡೂ ಮನುಷ್ಯನ ಆಯ್ಕೆಗಳೇ.

ವ್ಯಾಧಿಯನ್ನು ಗುರುತಿಸುವುದು ಸುಲಭವಲ್ಲ. ಬೇಟೆಗೆ ಬಲಿಯಾಗುವ ಪ್ರಾಣಿಯಾದುದರಿಂದ ಮೊಲವು ನೋವನ್ನು ಮರೆಮಾಚುತ್ತದೆ. ಹುಲ್ಲನ್ನು ಬಿಟ್ಟು ಮೆತ್ತನೆಯದನ್ನೇ ಬಯಸುವುದು, ಬಾಯಿಂದ ಮೇವು ಜಾರುವುದು, ಗದ್ದದ ಕೂದಲು ಜೊಲ್ಲಿನಿಂದ ತೊಯ್ಯುವುದು, ಹಿಕ್ಕೆಗಳು ಚಿಕ್ಕವಾಗುವುದು, ತೂಕ ಇಳಿಯುವುದು ಮೊದಲ ಲಕ್ಷಣಗಳು. ಮೇಲಿನ ಹಲ್ಲಿನ ಬುಡವು ಕಣ್ಣೀರಿನ ನಾಳವನ್ನು ಒತ್ತಿದರೆ ಕಣ್ಣಿನಿಂದ ನೀರು ಸುರಿಯುತ್ತದೆ. ಕೆಳದವಡೆಯಂಚನ್ನು ಬೆರಳಿನಿಂದ ಸವರಿದರೆ ಗಂಟುಗಳು ತಿಳಿಯಬಹುದು. ದವಡೆಹಲ್ಲಿನ ಮೊನೆಗಳು ನಾಲಗೆಯನ್ನೋ ಕೆನ್ನೆಯನ್ನೋ ಗಾಯಗೊಳಿಸಿದರೆ ಪ್ರಾಣಿಯು ಹಸಿದಿದ್ದರೂ ತಿನ್ನಲಾರದು. ಅರ್ಧ ದಿನ ಮೇವು ಮುಟ್ಟದ ಮೊಲವನ್ನು ವೈದ್ಯರಲ್ಲಿಗೆ ಒಯ್ಯಲು ತಡಮಾಡಬಾರದು. ಅದರ ಕರುಳಿನ ಚಲನೆಯೇ ನಿಂತು ಪ್ರಾಣಾಪಾಯವಾದೀತು. ಹಲ್ಲಿನ ಬುಡದ ಸ್ಥಿತಿಯನ್ನು ಕ್ಷಕಿರಣದಿಂದ ತಿಳಿದು, ಅರಿವಳಿಕೆ ಕೊಟ್ಟು ತಕ್ಕ ಉಪಕರಣದಿಂದ ಮೊನೆಗಳನ್ನು ತೇಯುವುದು, ಬಾಚಿಹಲ್ಲುಗಳು ಕೂಡಲೇ ಆರದಂತಿದ್ದರೆ ಅವನ್ನು ಕಿತ್ತುಬಿಡುವುದು ಇಂದಿನ ಚಿಕಿತ್ಸಾಕ್ರಮ. ಬುಡವು ಒಮ್ಮೆ ವಿಕಾರಗೊಂಡರೆ ಅದು ಸರಿಹೋಗುವುದು ವಿರಳ. ಆಗ ತೇಯುವಿಕೆಯು ಜೀವಮಾನದುದ್ದಕ್ಕೂ ಮರುಕಳಿಸುವ ಕಾರ್ಯವಾಗುತ್ತದೆ. ಆದುದರಿಂದ ಹುಲ್ಲು ಮತ್ತು ಒಣಹುಲ್ಲುಗಳೇ ಮುಖ್ಯಾಹಾರವಾಗಿರುವಂತೆ ನೋಡಿಕೊಳ್ಳುವುದೂ, ವಕ್ರದಂತವುಳ್ಳವುಗಳಿಂದ ಮರಿ ಪಡೆಯದಿರುವುದೂ ನಿಜವಾದ ಪರಿಹಾರ.

ಪೋಪನ ಆಜ್ಞೆಯ ಕಥೆಯೂ ಇಕ್ಕಳದ ಚಿಕಿತ್ಸೆಯೂ ಒಂದೇ ಕಾರಣದಿಂದ ಬಾಳಿದುವು: ಮುಂದೆ ಕಂಡುದು ಸಾಕೆಂದು ತೋರಿತು. ಮೊದಲನೆಯದರಿಂದ ಕೆಟ್ಟುದು ಪಠ್ಯಗ್ರಂಥ ಮಾತ್ರ. ಎರಡನೆಯದರಿಂದ ನೊಂದುದು ತನ್ನ ನೋವನ್ನು ಹೇಳಲಾರದ ಒಂದು ಜೀವ. ಮೂಲವನ್ನು ಅರಸುವ ಶ್ರಮವು ಚರಿತ್ರಕಾರನಿಗೆ ಎಷ್ಟು ಅವಶ್ಯವೋ ಮೊಲವನ್ನು ಸಾಕುವವನಿಗೂ ಅಷ್ಟೇ ಅವಶ್ಯ.