ಐಎನ್‌ಎಸ್ ಮೈಸೂರು: ರಾಜ್ಯದ ಹೆಸರು ಹೋತು, ಹಡಗಿನ ಹೆಸರು ಉಳೀತು

ದೋಸ್ತರ, ಸಮುದ್ರ ನಮ್ಮ ಜಮಖಂಡಿ, ಮುಧೋಳದಿಂದ ಭಾಳ ದೂರ. ಆದ್ರೂ ಈ ಹಡಗಿನ ಹೆಸರು ಒಂದು ಕಾಲಕ್ಕ ನಮ್ಮ ರಾಜ್ಯದ್ದೂ ಆಗಿತ್ತು. 1956ರ ನವೆಂಬರ್ 1ಕ್ಕೆ ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿದ್ವಿ. ಮರುವರ್ಷನ ಬ್ರಿಟನ್ನಿನ ಹಳೇ ಕ್ರೂಸರ್ 'ನೈಜೀರಿಯಾ' ನಮ್ಮ ನೌಕಾಪಡೆಗೆ ಬಂದು 'ಮೈಸೂರು' ಆತು. 1973ಕ್ಕ ರಾಜ್ಯ ಕರ್ನಾಟಕ ಆತು, 1985ಕ್ಕ ಹಡಗೂ ನಿವೃತ್ತಿ. ಅಲ್ಲಿಗೆ ಹೆಸರು ಮುಗೀತು ಅನ್ಕೊಂಡ್ರಾ?

ಇಲ್ಲ. ಹೋದ ಹಡಗಿನ ಹೆಸರು ಹೊಸದಕ್ಕ ಇಡೋದು ನೌಕಾಪಡೆಯ ರೂಢಿ, ಥೇಟ್ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟಂಗ. ಮುಂಬೈಯ ಮಜಗಾಂವ್ ಡಾಕ್‌ನಲ್ಲಿ 1991ರಲ್ಲಿ ಕೆಲಸ ಶುರುವಾದ ಡೆಸ್ಟ್ರಾಯರ್, 1993ಕ್ಕ ನೀರಿಗಿಳಿದು, ಸೇವೆಗೆ ಸೇರಿದ್ದು 1999ರ ಜೂನ್ 2ಕ್ಕ, ಕಾರ್ಗಿಲ್ ಯುದ್ಧ ನಡೆದಾಗ! ಉದ್ದ 163 ಮೀಟರ್. ಲಾಂಛನದಾಗ ಗಂಡಭೇರುಂಡ, ಕರ್ನಾಟಕ ಸರ್ಕಾರದ ಮುದ್ರೆಯೊಳಗೂ ಅದೇ ಹಕ್ಕಿ ಐತಿ, ನೋಡ್ರಿ.