ನಾಣೇಘಾಟಿನ ಆಚೆಯ ನೀರು

1986ರಲ್ಲಿ ನನಗೆ ಕಲ್ಯಾಣಕ್ಕೆ ವರ್ಗವಾದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಮ್ಮವ್ವ. ಇಂಡಿ ತಾಲೂಕಿನ ಭೀಮಾ ದಂಡೆಯ ಹಳ್ಳಿಯಲ್ಲಿ ಬಾಳಿದ ಅವಳಿಗೆ ಕಲ್ಯಾಣ ಅಂದರೆ ಒಂದೇ, ಅದು ಬಸವಣ್ಣನ ಕಲ್ಯಾಣ. "ಪುಣ್ಯಾ ಮಾಡೀಯಪಾ, ಶರಣರ ನೆಲಾ ತುಳೀಲಿಕ್ಕೆ ಹೊಂಟೀದಿ" ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಇದು ಬೀದರ ಜಿಲ್ಲೆಯ ಕಲ್ಯಾಣ ಅಲ್ಲ, ಮುಂಬೈ ಮಗ್ಗುಲಿನ ಠಾಣೆ ಜಿಲ್ಲೆಯದು ಅಂತ ನಾನು ತಿಳಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆ ಊರಿಗೂ ನಮ್ಮ ಹೊಳಿಗೂ ಏನೂ ಸಂಬಂಧ ಇಲ್ಲೇನೋ?" ಎಂದು ಕೇಳಿದಳು. "ಏನೂ ಇಲ್ಲವ್ವ" ಅಂದೆ.

ಮೂರು ವರ್ಷದ ಲೆಕ್ಕ ಹಾಕಿಕೊಂಡು ಬಂದವನು ಇಲ್ಲೇ ಉಳಿದೆ. ಮಕ್ಕಳ ಶಾಲೆ, ಮನೆಯ ಸಾಲ, ಬಡ್ತಿ, ಹೀಗೆ ಒಂದಾದ ಮೇಲೊಂದು. ಅವ್ವ ಎರಡು ಸಲ ಬಂದಳು. ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲಲಿಲ್ಲ. 2003ರಲ್ಲಿ ಊರಲ್ಲೇ ತೀರಿಕೊಂಡಳು. ನಾನು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು.

ನಿವೃತ್ತಿಯಾದ ಮೇಲೆ ನನಗೆ ಹಳೆಯ ರಸ್ತೆಗಳ ಹುಚ್ಚು ಹಿಡಿಯಿತು. ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಆರಕ್ಕೆ ನನ್ನ ಹಳೇ ಸ್ಪ್ಲೆಂಡರ್ ತೆಗೆದೆ. "ಈ ವಯಸ್ಸಿನಾಗ ಇದೆಲ್ಲಾ ಬೇಕೇನ್ರಿ?" ಎಂದು ಮನೆಯವರು ಗೊಣಗುತ್ತಲೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಹೊರಟಿದ್ದು ನಾಣೇಘಾಟಿಗೆ.

ಕಲ್ಯಾಣವನ್ನು ನಾವು ಜಂಕ್ಷನ್ ಅಂತಷ್ಟೇ ಬಲ್ಲೆವು. ಆದರೆ ಇದು ಹಳೆಯ ಬಂದರು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಸಮುದ್ರಯಾನದ ಕೈಪಿಡಿಯಲ್ಲಿ ಇದರ ಹೆಸರು 'ಕಲ್ಲಿಯೆನ'. ಹಿರಿಯ ಸರಗನಸ್, ಅಂದರೆ ಒಬ್ಬ ಸಾತಕರ್ಣಿಯ ಕಾಲದಲ್ಲಿ ಇದು ಕಾಯಿದೆಬದ್ಧ ವ್ಯಾಪಾರದ ಊರಾಗಿತ್ತು. ಆಮೇಲೆ ಬೇರೊಬ್ಬನ ಕೈಸೇರಿ ವ್ಯಾಪಾರಕ್ಕೆ ತಡೆ ಬಿತ್ತು. ತಪ್ಪಿ ಇತ್ತ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಭರೂಚಕ್ಕೆ ಒಯ್ಯುತ್ತಿದ್ದರು ಎಂದು ಆ ಪುಸ್ತಕ ಹೇಳುತ್ತದೆ. ಮುಂಬೈಯ ಕಾನ್ಹೇರಿ ಗವಿಗಳಲ್ಲಿ ದಾನ ಕೊಟ್ಟವರ ಪಟ್ಟಿಯಲ್ಲೂ ಕಲ್ಯಾಣದವರಿದ್ದಾರೆ.

ಬಂದರು ಇದ್ದ ಮೇಲೆ ಒಳನಾಡಿಗೆ ದಾರಿ ಬೇಕಲ್ಲ? ಕಲ್ಯಾಣದ ಖಾಡಿಯಿಂದ ಸಹ್ಯಾದ್ರಿ ಹತ್ತಿ ಜುನ್ನರಕ್ಕೆ, ಅಲ್ಲಿಂದ ಸಾತವಾಹನರ ರಾಜಧಾನಿ ಪೈಠಣಕ್ಕೆ ಹೋಗುತ್ತಿದ್ದ ಹೆದ್ದಾರಿಯ ಗಂಟಲೇ ನಾಣೇಘಾಟು. ಇಂದಿನ ರಾಷ್ಟ್ರೀಯ ಹೆದ್ದಾರಿ 61 (ಹಿಂದೆ ಇದೇ 222) ಹೆಚ್ಚುಕಡಿಮೆ ಅದೇ ದಿಕ್ಕಿಗೆ ಹೊರಡುತ್ತದೆ. ಶಹಾಡ ಸೇತುವೆ, ಗೋವೇಲಿ ದಾಟಿ ಮುರಬಾಡದಲ್ಲಿ ಚಹಾ ಕುಡಿದೆ. ಟೋಕಾವಡೆ ಆದ ಮೇಲೆ ವೈಶಾಖರೆ ಎಂಬ ಹಳ್ಳಿ. ಹಳೆಯ ದಾರಿ ಅಲ್ಲಿ ಹೆದ್ದಾರಿ ಬಿಟ್ಟು ನೇರ ಗುಡ್ಡ ಹತ್ತುತ್ತದೆ. ತರುಣರು ಎರಡು ಮೂರು ತಾಸಿನಲ್ಲಿ ಏರುತ್ತಾರೆ. ನನ್ನ ಮೊಣಕಾಲು ಒಪ್ಪಲಿಲ್ಲ. ಹಾಗಾಗಿ ಮಾಳಶೇಜ್ ಘಾಟು ಹತ್ತಿ, ಜುನ್ನರದ ಕಡೆ ತಿರುಗಿ, ಚಾವಂಡ ಕೋಟೆಯ ಬದಿಯಿಂದ ಘಾಟಘರ ದಾಟಿ, ಸುತ್ತುಹಾಕಿ ನೆತ್ತಿಗೇ ಬಂದೆ. ಅವಸರ ಇರಲಿಲ್ಲ. ಮಧ್ಯಾಹ್ನವಾಗಿತ್ತು.

ಬೆಟ್ಟವನ್ನು ಕತ್ತಿಯಿಂದ ಸೀಳಿದ ಹಾಗೆ ಒಂದು ಇಕ್ಕಟ್ಟು, ಅದರೊಳಗೆ ಕಲ್ಲಿನ ಮೆಟ್ಟಿಲು. ಸ್ವಲ್ಪ ಕೆಳಗಿಳಿದರೆ ಬಂಡೆಯಲ್ಲಿ ಕೊರೆದ ಗುಹೆ. ಗೋಡೆಯ ತುಂಬ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನ. ಕ್ರಿ.ಪೂ. ಒಂದನೆಯ ಶತಮಾನದ್ದು ಎನ್ನುವವರೇ ಹೆಚ್ಚು. ಅದು ರಾಣಿ ನಾಗನಿಕೆಯದು. ಸಾತಕರ್ಣಿ ದೊರೆಯ ವಿಧವೆ, ತಿಂಗಳ ಉಪವಾಸ ಮಾಡಿದವಳು, ಮನೆಯಲ್ಲಿದ್ದೇ ತಪಸ್ವಿನಿಯಂತೆ ಬದುಕಿದವಳು ಎಂದು ಶಾಸನ ಅವಳನ್ನು ಬಣ್ಣಿಸುತ್ತದೆ. ಅಶ್ವಮೇಧ, ರಾಜಸೂಯ ಮೊದಲಾದ ಯಜ್ಞಗಳು, ಅವಕ್ಕೆ ಕೊಟ್ಟ ದಕ್ಷಿಣೆ, ಎಲ್ಲದರ ಪಟ್ಟಿ ಅಲ್ಲಿದೆ.

ಎಂ.ಕಾಂ. ಓದಿ ಬ್ಯಾಂಕಿನಲ್ಲಿ ಬಾಳು ಸವೆಸಿದ ನನಗೆ ಇದು ರಾಣಿ ಬರೆಸಿಟ್ಟ ಲೆಡ್ಜರ್ ಅನ್ನಿಸಿತು. ಹಸುಗಳು 10,001. ಕಾರ್ಷಾಪಣ ನಾಣ್ಯ 24,400. ನಮ್ಮ ದೇಶದಲ್ಲಿ ಅಂಕಿಗಳನ್ನು ಬರೆದಿಟ್ಟ ಅತಿ ಹಳೆಯ ಶಾಸನಗಳಲ್ಲಿ ಇದೂ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಭಗವಾನ್‌ಲಾಲ್ ಇಂದ್ರಜಿ ಈ ಅಂಕಿಗಳನ್ನು ಕೂತು ಬಿಡಿಸಿದರು. ಆಗಿನ್ನೂ ಸೊನ್ನೆ ಇಲ್ಲ, ಸ್ಥಾನಬೆಲೆ ಇಲ್ಲ. ಸಾವಿರಕ್ಕೊಂದು ಗುರುತು, ಅದಕ್ಕೆ ನಾಲ್ಕರ ಗುರುತು ಅಂಟಿಸಿದರೆ ನಾಲ್ಕು ಸಾವಿರ. ಇನ್ನು ಆ ಕೊನೆಯ ಒಂದು! ಹತ್ತು ಸಾವಿರದ ಮೇಲೊಂದು ಹಸು. ಮದುವೆಯ ಮುಯ್ಯಿಗೆ ನಾವು ನೂರರ ಮೇಲೊಂದು ರೂಪಾಯಿ ಇಡುವುದು ಎಷ್ಟು ಹಳೆಯ ರೂಢಿಯೋ ಅಂದುಕೊಂಡೆ.

ಹೊರಗೆ, ದಾರಿಯ ನೆತ್ತಿಯಲ್ಲಿ, ಕಲ್ಲಿನಲ್ಲೇ ಕಡೆದ ದೊಡ್ಡ ಹರವಿಯಿದೆ. ಮರಾಠಿಯಲ್ಲಿ ಅದನ್ನು ರಾಂಜಣ ಅನ್ನುತ್ತಾರೆ. ಎತ್ತು ಕತ್ತೆಗಳ ಮೇಲೆ ಮಾಲು ಹೇರಿಕೊಂಡು ಬಂದವರು ಜಕಾತಿಯ ನಾಣ್ಯ ಇದರೊಳಗೆ ಹಾಕುತ್ತಿದ್ದರು ಎಂಬುದು ಜನರ ಮಾತು. 'ನಾಣೇ' ಅಂದರೆ ಮರಾಠಿಯಲ್ಲಿ ನಮ್ಮ ನಾಣ್ಯವೇ. ಖಾಲಿ ಹರವಿಯೊಳಗೆ ಇಣುಕಿದೆ. ಕ್ಯಾಶ್ ಟ್ಯಾಲಿ ಮಾಡುವ ಹಳೇ ಚಟ, ನೋಡ್ರಿ.

ಇಷ್ಟು ದೊಡ್ಡ ದಾರಿ ಯಾಕೆ ಸತ್ತಿತು? ಗಾಲಿ ಬಂದದ್ದರಿಂದ. ಈ ಮೆಟ್ಟಿಲ ಮೇಲೆ ಕಾಲು ನಡೆದೀತು, ಗೊರಸು ನಡೆದೀತು, ಗಾಲಿ ನಡೆಯದು. 1830ರಲ್ಲಿ ಬ್ರಿಟಿಷರು ಬೋರಘಾಟಿನಲ್ಲಿ ಗಾಡಿ ರಸ್ತೆ ತೆರೆದರು. 1854ರಲ್ಲಿ ರೈಲು ಕಲ್ಯಾಣಕ್ಕೆ ಬಂತು. 1863ರಲ್ಲಿ ಬೋರಘಾಟನ್ನೂ 1865ರಲ್ಲಿ ಥಳಘಾಟನ್ನೂ ಅದು ಹತ್ತಿತು. ಹಳಿಗಳು ಕವಲೊಡೆಯುವುದು ಕಲ್ಯಾಣದಲ್ಲೇ. ಬಂದರು ಹೋದರೂ ಊರಿನ ಕಸುಬು ಬದಲಾಗಲಿಲ್ಲ, ಘಾಟು ಹತ್ತುವವರನ್ನೂ ಇಳಿಯುವವರನ್ನೂ ಸಾಗಿಸುವುದೇ ಅದರ ಕೆಲಸ. ಸೊಲ್ಲಾಪುರದ ಗಾಡಿಯಲ್ಲಿ ಬಂದಿಳಿದ ನಾನೂ ಅಂಥ ಒಬ್ಬ.

ಗುಹೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಹಿಂಗೋಡೆಯಲ್ಲಿ ರಾಜಮನೆತನದ ಎಂಟು ವಿಗ್ರಹಗಳಿದ್ದವು. ಸಿಮುಕ ಸಾತವಾಹನ, ನಾಗನಿಕೆ, ಸಾತಕರ್ಣಿ, ರಾಜಕುಮಾರರು. ವಿಗ್ರಹ ಹಾಳಾಗಿವೆ. ಕಾಲಿನ ಗುರುತು, ಮೇಲೆ ಹೆಸರು, ಇಷ್ಟೇ ಉಳಿದದ್ದು. ಆದರೆ 1990ರ ದಶಕದಲ್ಲಿ ಕಲಬುರ್ಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಅಗೆದಾಗ ಸಾತವಾಹನ ದೊರೆಗಳ ಶಿಲ್ಪಗಳು ಹೆಸರು ಸಮೇತ ಸಿಕ್ಕವು. ಸಾತಕರ್ಣಿ ಎಂಬ ಹೆಸರೂ ಅಲ್ಲಿದೆ. 'ರಾಯ ಅಸೋಕ' ಎಂದು ಬರೆದ ಅಶೋಕನ ಶಿಲ್ಪ ಸಿಕ್ಕಿದ್ದೂ ಅಲ್ಲೇ. ಇಲ್ಲಿ ಮುಖವಿಲ್ಲದ ಹೆಸರು. ಅಲ್ಲಿ, ನಮ್ಮ ಕಡೆ, ಮುಖವೂ ಹೆಸರೂ ಎರಡೂ ಉಳಿದಿವೆ. ಕನಗನಹಳ್ಳಿ ಇರುವುದು ಭೀಮಾ ದಂಡೆಯ ಮೇಲೆ, ನಮ್ಮೂರಿನಿಂದ ಹೊಳೆಯಗುಂಟ ಕೆಳಗೆ.

ರೊಟ್ಟಿ ತಿನ್ನುತ್ತ ಕೂತಾಗ, ಅಲ್ಲೇ ದನ ಕಾಯುತ್ತಿದ್ದ ಮುದುಕರೊಬ್ಬರು ಮಾತಿಗೆ ಸಿಕ್ಕರು. "ಕಾಕಾ, ಇಲ್ಲಿ ಬಿದ್ದ ಮಳೆ ಎತ್ತ ಹೋಗುತ್ತದೆ?" ಎಂದು ಮರಾಠಿಯಲ್ಲಿ ಕೇಳಿದೆ. ಅವರು ಎರಡೂ ಕೈ ಚಾಚಿದರು. ಈ ಕಡೆಯದು ಕೊಂಕಣಕ್ಕೆ, ಆ ಕಡೆಯದು ಕುಕಡಿಗೆ. ಮುಂದಿನದು ನನಗೆ ಗೊತ್ತಿತ್ತು, ಆದರೆ ಹೀಗೆ ಯಾವತ್ತೂ ಹೊಂದಿಸಿ ನೋಡಿರಲಿಲ್ಲ. ಪಶ್ಚಿಮಕ್ಕೆ ಇಳಿದದ್ದು ಉಲ್ಹಾಸ ನದಿ ಕೂಡಿ ಕಲ್ಯಾಣದ ಖಾಡಿಗೆ ಬರುತ್ತದೆ. ಪೂರ್ವದ ಕುಕಡಿ ಜುನ್ನರದ ಮೇಲೆ ಹಾಯ್ದು ಘೋಡ ನದಿ ಸೇರುತ್ತದೆ, ಘೋಡ ಭೀಮೆಯನ್ನು. ನಡುವೆ ಮಾಣಿಕಡೋಹ, ಉಜನಿ ಅಣೆಕಟ್ಟುಗಳು ತಡೆಯುತ್ತವೆ, ನಿಜ. ಬೇಸಿಗೆಯಲ್ಲಿ ಉಜನಿಯಿಂದ ನೀರು ಬಿಟ್ಟರಾ ಅಂತ ನಮ್ಮೂರವರು ಇಂದಿಗೂ ಕೇಳುತ್ತಿರುತ್ತಾರೆ. ಬಿಟ್ಟಾಗ ಬರುವ ನೀರಿನಲ್ಲಿ ಈ ಬೆಟ್ಟದ್ದೂ ಒಂದು ಪಾಲು.

ಅಂದರೆ ಅವ್ವ ಕೇಳಿದ್ದು ಸರಿಯಾಗಿಯೇ ಇತ್ತು. ಉತ್ತರ ಹೇಳಿದ ಓದಿದ ಮಗನಿಗೇ ಗೊತ್ತಿರಲಿಲ್ಲ. ಸಂಬಂಧ ಅದ, ಅವ್ವ. ಒಂದೇ ಗುಡ್ಡದ ಎರಡು ಮಗ್ಗಲು. ಇದನ್ನು ಹೇಳಲು ಅವಳಿಲ್ಲ.

ಕತ್ತಲಾಗುವ ಮುಂಚೆ ಘಾಟು ಇಳಿದೆ. ನೀವೂ ಕಲ್ಯಾಣ, ಡೊಂಬಿವಲಿ ಕಡೆ ಇದ್ದರೆ ಒಮ್ಮೆ ಹೋಗಿ ಬನ್ನಿ. ಮಳೆಗಾಲದಲ್ಲಿ ಬೇಡ, ಮಾಳಶೇಜಿನಲ್ಲಿ ದರಡು ಕುಸಿಯುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಿ. ಊರಲ್ಲಿ ತಾಯಿ ಇದ್ದರೆ, ಮೇಲಿನಿಂದ ಒಂದು ಫೋನ್ ಮಾಡಿ.