ಚಿಪ್‌ನೊಳಗೆ ಹಿಡಿಸದ ಕೆಪ್ಯಾಸಿಟರ್: ಫೇಸ್-ಲಾಕ್ಡ್ ಲೂಪ್‌ನ ಸ್ಥಿರತೆಯ ಇತಿಹಾಸ

ಫೇಸ್-ಲಾಕ್ಡ್ ಲೂಪ್, ಎಂಜಿನಿಯರುಗಳ ಬಾಯಲ್ಲಿ ಪಿಎಲ್‌ಎಲ್, ಒಂದು ಆಸಿಲೇಟರನ್ನು ಹೊರಗಿನ ಸಂಕೇತದ ಜೊತೆ ಹೆಜ್ಜೆ ತಪ್ಪದಂತೆ ನಡೆಸುವ ಸರ್ಕ್ಯೂಟ್. ಅದರಲ್ಲಿ ಮೂರು ಭಾಗಗಳು ಇರಲೇಬೇಕು. ಎರಡು ಸಂಕೇತಗಳ ನಡುವಿನ ಫೇಸ್ ವ್ಯತ್ಯಾಸವನ್ನು ಅಳೆಯುವ ಡಿಟೆಕ್ಟರ್ ಒಂದು. ಆ ಅಳತೆಯನ್ನು ಸೋಸಿ ಕೊಡುವ ಲೂಪ್ ಫಿಲ್ಟರ್ ಇನ್ನೊಂದು. ಫಿಲ್ಟರ್ ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಆವರ್ತನ ಬದಲಿಸಿಕೊಳ್ಳುವ ಆಸಿಲೇಟರ್ ಮೂರನೆಯದು. ಡಿಟೆಕ್ಟರ್ ಮತ್ತು ಆಸಿಲೇಟರ್ ಚಿಪ್‌ನೊಳಕ್ಕೆ ಬೇಗ ಸೇರಿಕೊಂಡವು. ನಡುವಿನ ಫಿಲ್ಟರ್, ಅದರಲ್ಲೂ ಅದರ ಕೆಪ್ಯಾಸಿಟರ್, ದಶಕಗಳ ಕಾಲ ಹೊರಗೇ ಉಳಿಯಿತು.

ಆರಂಭದಲ್ಲಿ ಇದು ಯಾರಿಗೂ ತೊಡಕೆನಿಸಿರಲಿಲ್ಲ. 1920ರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆಪಲ್ಟನ್ ಟ್ರಯೋಡ್ ಆಸಿಲೇಟರುಗಳು ತಾವಾಗಿಯೇ ಹೊರಗಿನ ಸಂಕೇತಕ್ಕೆ ಹೊಂದಿಕೊಳ್ಳುವುದನ್ನು ಅಧ್ಯಯನ ಮಾಡಿದ. 1932ರಲ್ಲಿ ಫ್ರಾನ್ಸಿನ ಆನ್ರಿ ದ ಬೆಲ್‌ಸೀಝ್ ರೇಡಿಯೊ ಗ್ರಹಣಕ್ಕೆ ಇಂಥ ಲೂಪನ್ನು ಬಳಸುವ ವಿಧಾನ ಪ್ರಕಟಿಸಿದ. ಇಂದಿನ ಪಿಎಲ್‌ಎಲ್‌ನ ಮೂಲವನ್ನು ಸಾಮಾನ್ಯವಾಗಿ ಅಲ್ಲಿಗೇ ಒಯ್ಯುತ್ತಾರೆ. ಮನೆಮನೆಗೆ ಅದು ಬಂದದ್ದು ಮಾತ್ರ ಟಿವಿಯ ಮೂಲಕ. 1943ರಲ್ಲಿ ವೆಂಟ್ ಮತ್ತು ಫ್ರೆಡೆಂಡಾಲ್ ಟಿವಿ ಚಿತ್ರದ ಗೆರೆಗಳು ಗದ್ದಲದಲ್ಲೂ ಜಾಗ ತಪ್ಪದಂತೆ ಮಾಡುವ ಫೇಸ್ ನಿಯಂತ್ರಣವನ್ನು ವಿವರಿಸಿದರು. 1955ರಲ್ಲಿ ಜಾಫಿ ಮತ್ತು ರೆಕ್ಟಿನ್, ಸಂಕೇತ ಮತ್ತು ಗದ್ದಲ ಎರಡೂ ಏರಿಳಿಯುವಾಗ ಲೂಪನ್ನು ಹೇಗೆ ರೂಪಿಸಬೇಕೆಂದು ಲೆಕ್ಕ ಹಾಕಿ ತೋರಿಸಿದರು. ದೂರದ ಬಾಹ್ಯಾಕಾಶ ನೌಕೆಗಳ ಕ್ಷೀಣ ಸಂಕೇತವನ್ನು ಹಿಡಿಯಲು ನೆರವಾದದ್ದು ಇಂಥ ಕೆಲಸವೇ. ವ್ಯಾಕ್ಯೂಮ್ ಟ್ಯೂಬುಗಳ ಆ ಪೆಟ್ಟಿಗೆಗಳಲ್ಲಿ ಕೆಪ್ಯಾಸಿಟರ್ ಎಷ್ಟು ದೊಡ್ಡದಾದರೂ ನಡೆಯುತ್ತಿತ್ತು.

ಲೆಕ್ಕ ಬದಲಾದದ್ದು 1969ರ ಸುಮಾರಿಗೆ. ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಯಲ್ಲಿ ಅಲನ್ ಗ್ರೆಬೆನೆ ಮತ್ತು ಹಾನ್ಸ್ ಕಾಮೆನ್‌ಝಿಂಡ್ ಪಿಎಲ್‌ಎಲ್ ಅನ್ನು ಇಂಟಿಗ್ರೇಟೆಡ್ ಸರ್ಕ್ಯೂಟ್ ಆಗಿಸಿದರು. ಮುಂದೆ 555 ಟೈಮರನ್ನು ರೂಪಿಸಿದವನೂ ಇದೇ ಕಾಮೆನ್‌ಝಿಂಡ್. ಅವರ ಪಿಎಲ್‌ಎಲ್ ಸಾಲಿನ 565 ಚಿಪ್ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಅದರ ಲೂಪ್ ಫಿಲ್ಟರಿನ ಸುಮಾರು 3.6 ಕಿಲೋಓಮ್ ರೆಸಿಸ್ಟರ್ ಚಿಪ್‌ನ ಒಳಗಿದೆ. ಕೆಪ್ಯಾಸಿಟರನ್ನು ಮಾತ್ರ ವಿದ್ಯಾರ್ಥಿಯೇ 7ನೇ ಪಿನ್ನಿಗೆ ಹೊರಗಿನಿಂದ ಜೋಡಿಸಬೇಕು. ಒಳಗೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂಬುದು ಆ ಒಂದು ಪಿನ್ನಿನಲ್ಲೇ ಗೊತ್ತಾಗುತ್ತದೆ.

ಅಷ್ಟು ದೊಡ್ಡ ಕೆಪ್ಯಾಸಿಟರ್ ಏಕೆ ಬೇಕೆಂಬುದು ತಿಳಿಯಬೇಕಾದರೆ ಚಾರ್ಜ್ ಪಂಪ್ ಬಗೆಯ ಲೂಪನ್ನು ನೋಡಬೇಕು. ಫ್ಲಾಯ್ಡ್ ಗಾರ್ಡ್ನರ್ 1980ರಲ್ಲಿ ಬರೆದ ಪ್ರಬಂಧ ಇದರ ಸ್ಥಿರತೆಯ ಶಾಸ್ತ್ರಕ್ಕೆ ತಳಪಾಯ ಹಾಕಿತು. ಇಲ್ಲಿ ಫೇಸ್ ವ್ಯತ್ಯಾಸ ಇದ್ದಷ್ಟು ಹೊತ್ತು ಪಂಪ್ ಕೆಪ್ಯಾಸಿಟರಿಗೆ ಕರೆಂಟ್ ತುಂಬುತ್ತದೆ ಅಥವಾ ಅದರಿಂದ ತೆಗೆಯುತ್ತದೆ. ಕೆಪ್ಯಾಸಿಟರ್ ಹಾಗೆ ಬಂದದ್ದನ್ನೆಲ್ಲ ಕೂಡಿಟ್ಟುಕೊಳ್ಳುತ್ತದೆ. ಆಸಿಲೇಟರ್ ಕೂಡ ಕೂಡುವ ಯಂತ್ರವೇ: ಆವರ್ತನದಲ್ಲಿ ಆದ ವ್ಯತ್ಯಾಸ ಕಾಲ ಕಳೆದಂತೆ ಫೇಸ್ ಆಗಿ ಸೇರುತ್ತಾ ಹೋಗುತ್ತದೆ. ಒಂದೊಂದೂ 90 ಡಿಗ್ರಿಯಷ್ಟು ಹಿಂದೆ ಬೀಳುವುದರಿಂದ ಒಟ್ಟು ತಡ 180 ಡಿಗ್ರಿ ಆಗುತ್ತದೆ. ಆಗ ಹೊಸದಾಗಿ ಸೈಕಲ್ ಕಲಿಯುವವನು ಹ್ಯಾಂಡಲನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮಿತಿಮೀರಿ ತಿರುಗಿಸುವಂತೆ ಲೂಪ್ ಗುರಿಯ ಆಚೀಚೆ ತೂಗಾಡುತ್ತದೆಯೇ ಹೊರತು ನಿಲ್ಲುವುದಿಲ್ಲ.

ಮದ್ದು ಸರಳ: ಕೆಪ್ಯಾಸಿಟರಿನ ಜೊತೆ ಸಾಲಾಗಿ ಒಂದು ರೆಸಿಸ್ಟರ್. ಕೂಡಿಟ್ಟ ತಪ್ಪಿನ ಜೊತೆಗೆ ಈ ಕ್ಷಣದ ತಪ್ಪೂ ಅದರ ಮೂಲಕ ಆಸಿಲೇಟರನ್ನು ತಲುಪುತ್ತದೆ. ಗಣಿತದಲ್ಲಿ ಇದನ್ನು ಝೀರೊ ಎನ್ನುತ್ತಾರೆ. ಲೂಪ್ ಸ್ಥಿರವಾಗಿರಬೇಕಾದರೆ ಈ ಝೀರೊ ಲೂಪಿನ ಬ್ಯಾಂಡ್‌ವಿಡ್ತ್‌ಗಿಂತ ಸಾಕಷ್ಟು ಕೆಳಗಿರಬೇಕು. ಬ್ಯಾಂಡ್‌ವಿಡ್ತ್ ತಾನು ರೆಫರೆನ್ಸಿನ, ಎಂದರೆ ಹೊರಗಿನ ಸಂಕೇತದ, ಆವರ್ತನದ ಸುಮಾರು ಹತ್ತನೇ ಒಂದು ಭಾಗವನ್ನು ದಾಟಬಾರದು, ಏಕೆಂದರೆ ಪಂಪ್ ಕೆಲಸ ಮಾಡುವುದು ನಿರಂತರವಾಗಿ ಅಲ್ಲ, ರೆಫರೆನ್ಸಿನ ಸುತ್ತಿಗೊಮ್ಮೆ.

ಅಂಕಿಗಳನ್ನಿಟ್ಟು ನೋಡೋಣ. ಜಿಎಸ್‌ಎಂ ಫೋನಿನ ಚಾನೆಲ್‌ಗಳ ಅಂತರ 200 ಕಿಲೋಹರ್ಟ್ಸ್. ಅದನ್ನೇ ರೆಫರೆನ್ಸ್ ಆಗಿ ಇಟ್ಟುಕೊಂಡರೆ ಬ್ಯಾಂಡ್‌ವಿಡ್ತ್ 20 ಕಿಲೋಹರ್ಟ್ಸ್, ಝೀರೊ ಸುಮಾರು 5 ಕಿಲೋಹರ್ಟ್ಸ್. ರೆಸಿಸ್ಟರ್ 10 ಕಿಲೋಓಮ್ ಆದರೆ ಕೆಪ್ಯಾಸಿಟರ್ 3.2 ನ್ಯಾನೋಫ್ಯಾರಡ್ ಬೇಕು. ಒಂದು ಚದರ ಮೈಕ್ರಾನಿಗೆ 1 ಫೆಮ್ಟೋಫ್ಯಾರಡ್ ಹಿಡಿಯುವ ಲೋಹದ ಪದರದ ಕೆಪ್ಯಾಸಿಟರ್ ಕಟ್ಟಿದರೆ ಅದೊಂದೇ 3.2 ಚದರ ಮಿಲಿಮೀಟರ್ ನುಂಗುತ್ತದೆ. ಲೂಪಿನ ಉಳಿದೆಲ್ಲ ಸರ್ಕ್ಯೂಟ್ ಸೇರಿದರೂ ಅಷ್ಟು ಜಾಗ ಬೇಡದಿರಬಹುದು. ರೆಸಿಸ್ಟರನ್ನೇ ದೊಡ್ಡದು ಮಾಡಿ ಕೆಪ್ಯಾಸಿಟರನ್ನು ಚಿಕ್ಕದು ಮಾಡಬಹುದಲ್ಲ ಎಂದರೆ, ರೆಸಿಸ್ಟರಿನ ಉಷ್ಣದ ಗದ್ದಲ ನೇರವಾಗಿ ಆಸಿಲೇಟರಿಗೆ ತಟ್ಟುತ್ತದೆ. ಪ್ರತಿ ಸುತ್ತಿನಲ್ಲೂ ಪಂಪ್ ಕರೆಂಟ್ ಅದರ ಮೇಲೆ ಎಬ್ಬಿಸುವ ವೋಲ್ಟೇಜ್ ಜಿಗಿತವೂ ಹೆಚ್ಚುತ್ತದೆ.

ಪ್ರೊಸೆಸರುಗಳ ಕ್ಲಾಕ್ ಹುಟ್ಟಿಸುವ ಲೂಪುಗಳಲ್ಲಿ ಈ ತೊಡಕು ಮೊದಲು ನೀಗಿತು. ಅಲ್ಲಿ ರೆಫರೆನ್ಸ್ ಹತ್ತಾರು ಮೆಗಾಹರ್ಟ್ಸ್, ಹಾಗಾಗಿ ಬ್ಯಾಂಡ್‌ವಿಡ್ತ್ ಹಿರಿದು, ಕೆಪ್ಯಾಸಿಟರ್ ಕಿರಿದು. 1987ರಲ್ಲಿ ಬರ್ಕ್ಲಿಯ ತಂಡವೂ 1992ರಲ್ಲಿ ಇಂಟೆಲ್‌ನ ಇಯಾನ್ ಯಂಗ್ ಮತ್ತು ಸಂಗಡಿಗರೂ ಇಂಥ ಕ್ಲಾಕ್ ಜನರೇಟರುಗಳನ್ನು ವಿವರಿಸಿದರು. ಇಂಟೆಲ್ ಲೂಪಿನ ವ್ಯಾಪ್ತಿ 5ರಿಂದ 110 ಮೆಗಾಹರ್ಟ್ಸ್. ಈ ಸಾಲಿನ ಜಾಣತನದ ತುತ್ತತುದಿ ಎಂದರೆ ಜಾನ್ ಮನಿಯಾಟಿಸ್ 1996ರಲ್ಲಿ ಮಂಡಿಸಿದ ಸ್ವಯಂ-ಬಯಾಸ್ ವಿನ್ಯಾಸ. ಆತ ಬೇರೆ ರೆಸಿಸ್ಟರನ್ನೇ ಇಡಲಿಲ್ಲ. ಎರಡನೆಯ ಪಂಪೊಂದು ತನ್ನ ಕರೆಂಟನ್ನು ಬಯಾಸ್ ಸರ್ಕ್ಯೂಟಿನ ಟ್ರಾನ್ಸಿಸ್ಟರಿಗೆ ನೂಕಿದಾಗ, ಆ ಟ್ರಾನ್ಸಿಸ್ಟರೇ ರೆಸಿಸ್ಟರಿನ ಕೆಲಸ ಮಾಡುತ್ತಿತ್ತು. ಆವರ್ತನ ಬದಲಾದಂತೆ ಅದರ ಬೆಲೆಯೂ ತಾನಾಗಿ ಬದಲಾಗುವುದರಿಂದ, ಚಿಪ್ ತಯಾರಿಕೆಯಲ್ಲಿ ಏರುಪೇರಾದರೂ ಲೂಪಿನ ಸ್ಥಿರತೆ ಕದಲುತ್ತಿರಲಿಲ್ಲ.

ರೇಡಿಯೊ ಚಿಪ್‌ಗಳಿಗೆ ಅಷ್ಟು ಸಲೀಸಾದ ದಾರಿ ಇರಲಿಲ್ಲ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಕ್ರಾನಿಂಕ್ಸ್ ಮತ್ತು ಸ್ಟೇಯಾರ್ಟ್ 1998ರಲ್ಲಿ 1800 ಮೆಗಾಹರ್ಟ್ಸ್ ಫೋನಿಗೆ ಸಂಪೂರ್ಣ ಚಿಪ್‌ನೊಳಗಿನ ಸಿಂಥಸೈಸರ್, ಎಂದರೆ ಬೇಕಾದ ಆವರ್ತನ ಹುಟ್ಟಿಸುವ ಸರ್ಕ್ಯೂಟ್, ತೋರಿಸಿದರು. ಅವರದು ಇಬ್ಬಗೆಯ ದಾರಿ: ಒಂದು ಚಿಕ್ಕ ಪಂಪ್ ಕೆಪ್ಯಾಸಿಟರಿಗೆ ಮಾತ್ರ ಉಣಿಸುತ್ತದೆ, ದೊಡ್ಡ ಪಂಪ್ ರೆಸಿಸ್ಟರಿನ ದಾರಿ ಹಿಡಿಯುತ್ತದೆ, ಕೊನೆಗೆ ಎರಡೂ ಕೂಡುತ್ತವೆ. ದೊಡ್ಡದರ ಕರೆಂಟ್ ಚಿಕ್ಕದರ 16 ಪಟ್ಟಿದ್ದರೆ ಮೇಲಿನ ಲೆಕ್ಕದ 3.2 ನ್ಯಾನೋಫ್ಯಾರಡ್ 200 ಪಿಕೋಫ್ಯಾರಡ್‌ಗೆ ಇಳಿಯುತ್ತದೆ. ಕೂಡಿಸುವ ಸರ್ಕ್ಯೂಟಿನ ಗದ್ದಲ ಮಾತ್ರ ಹೊಸ ಸಾಲ. 1993ರಲ್ಲಿ ರೈಲಿ, ಕೋಪ್‌ಲ್ಯಾಂಡ್ ಮತ್ತು ಕ್ವಾಸ್ನಿವ್ಸ್ಕಿ ತೋರಿಸಿದ ಡೆಲ್ಟಾ-ಸಿಗ್ಮಾ ವಿಧಾನ ಇನ್ನೊಂದು ಕಡೆಯಿಂದ ನೆರವಿಗೆ ಬಂತು: ಚಾನೆಲ್ ಅಂತರಕ್ಕಿಂತ ಎಷ್ಟೋ ಮೇಲಿನ ರೆಫರೆನ್ಸ್ ಬಳಸಬಹುದಾಗಿ, ಬ್ಯಾಂಡ್‌ವಿಡ್ತ್ ಹಿಗ್ಗಿತು. 2003ರಲ್ಲಿ ಎರಡು ಉಪಾಯಗಳು ಒಟ್ಟೊಟ್ಟಿಗೇ ಬಂದವು. ಶೂ ಮತ್ತು ಸಾಂಚೆಸ್-ಸಿನೆನ್ಸಿಯೊ ತಂಡ ಕರೆಂಟ್ ಮಿರರ್ ಬಳಸಿ ಚಿಕ್ಕ ಕೆಪ್ಯಾಸಿಟರನ್ನು ಹಲವು ಪಟ್ಟು ದೊಡ್ಡದಾಗಿ ಕಾಣಿಸಿತು. ಲೀ ಮತ್ತು ರಜಾವಿ ರೆಸಿಸ್ಟರಿನ ಬದಲು ತುಸು ತಡವಾಗಿ ಬರುವ ಚಾರ್ಜ್‌ನಿಂದಲೇ ಝೀರೊ ಹುಟ್ಟಿಸಿದರು.

ಅಷ್ಟರಲ್ಲಿ ಟ್ರಾನ್ಸಿಸ್ಟರ್ ಚಿಕ್ಕದಾಗುತ್ತಾ ಹೋಗಿ ಹೊಸ ಕಂಟಕ ಎದುರಾಯಿತು. 0.18 ಮೈಕ್ರಾನ್ ತಲೆಮಾರಿನಲ್ಲಿ ಗೇಟಿನ ಆಕ್ಸೈಡ್ ಸುಮಾರು 4 ನ್ಯಾನೋಮೀಟರ್ ದಪ್ಪವಿದ್ದು, ಒಂದು ಚದರ ಮೈಕ್ರಾನಿಗೆ ಎಂಟು ಫೆಮ್ಟೋಫ್ಯಾರಡ್‌ನಷ್ಟು ಹಿಡಿಯುವ ಅಗ್ಗದ ಕೆಪ್ಯಾಸಿಟರ್ ಆಗುತ್ತಿತ್ತು. 90 ನ್ಯಾನೋಮೀಟರಿಗೆ ಬರುವ ಹೊತ್ತಿಗೆ ಆಕ್ಸೈಡ್ ಎಷ್ಟು ತೆಳುವಾಯಿತೆಂದರೆ ಎಲೆಕ್ಟ್ರಾನ್‌ಗಳು ಅದರ ಮೂಲಕವೇ ಸೋರತೊಡಗಿದವು. ಸೋರಿದ್ದನ್ನು ಪ್ರತಿ ಸುತ್ತಿನಲ್ಲೂ ಪಂಪ್ ತುಂಬಿಕೊಡಬೇಕಾದ್ದರಿಂದ ಫೇಸ್ ತಪ್ಪು ಶಾಶ್ವತವಾಗಿ ಉಳಿಯುತ್ತಿತ್ತು. ದಪ್ಪ ಆಕ್ಸೈಡಿಗೆ ಮರಳಿದರೆ ಸೋರಿಕೆ ನಿಲ್ಲುತ್ತದೆ, ಜಾಗ ಮತ್ತೆ ಹೆಚ್ಚುತ್ತದೆ.

ಆಗ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸ್ಟಾಶೆವ್ಸ್ಕಿ ತಂಡ ಕೆಪ್ಯಾಸಿಟರಿನ ನೆನಪನ್ನೇ ಸಂಖ್ಯೆಯಾಗಿಸಿತು. 2004ರಲ್ಲಿ ಪ್ರಕಟವಾದ 130 ನ್ಯಾನೋಮೀಟರ್ ಬ್ಲೂಟೂತ್ ರೇಡಿಯೊದಲ್ಲಿ ಲೂಪ್ ಫಿಲ್ಟರ್ ಎಂದರೆ ಸಂಖ್ಯೆಗಳ ಲೆಕ್ಕ ಅಷ್ಟೇ. ಅದು ಸೋರುವುದೂ ಇಲ್ಲ, ಅಷ್ಟು ಜಾಗವನ್ನೂ ಬೇಡುವುದಿಲ್ಲ. ತಮಾಷೆಯೆಂದರೆ ಅದರ ಆಸಿಲೇಟರನ್ನು ತಿದ್ದುವುದು ಫೆಮ್ಟೋಫ್ಯಾರಡ್‌ಗಿಂತಲೂ ಎಷ್ಟೋ ಚಿಕ್ಕ ಹೆಜ್ಜೆಗಳಲ್ಲಿ ಬದಲಾಗುವ ಕೆಪ್ಯಾಸಿಟರುಗಳ ಸಾಲು. ಬೆಲೆ ತೆತ್ತದ್ದು ಸಂಖ್ಯೆಗಳ ಮೆಟ್ಟಿಲುಗಳಿಂದ ಹುಟ್ಟುವ ಗದ್ದಲದ ರೂಪದಲ್ಲಿ.

ಹೊರಗಿನ ಕೆಪ್ಯಾಸಿಟರ್ ಹಾಗೆಂದು ಕಣ್ಮರೆಯಾಗಿಲ್ಲ. ಅನಲಾಗ್ ಡಿವೈಸಸ್ ಕಂಪನಿಯ ಎಡಿಎಫ್4351 ಸಿಂಥಸೈಸರ್ 35ರಿಂದ 4,400 ಮೆಗಾಹರ್ಟ್ಸ್‌ವರೆಗೆ ಸಂಕೇತ ಕೊಡುತ್ತದೆ, ಅದರ ಆಸಿಲೇಟರ್ ಚಿಪ್‌ನೊಳಗೇ ಇದೆ. ಲೂಪ್ ಫಿಲ್ಟರಿನ ಕೆಪ್ಯಾಸಿಟರುಗಳನ್ನು ಮಾತ್ರ ವಿನ್ಯಾಸಗಾರ ತನಗೆ ಬೇಕಾದ ಬ್ಯಾಂಡ್‌ವಿಡ್ತ್‌ಗೆ ತಕ್ಕಂತೆ ಲೆಕ್ಕ ಹಾಕಿ ಬೋರ್ಡಿನ ಮೇಲೆ ಕೂರಿಸಬೇಕು.